ಎಲಚಿದೊಡ್ಡಿಯ ಹನ್ನೊಂದನೇ ಮನೆ

ನನಗೆ ಕೋಪ ಬೇಗ ಬರುತ್ತದೆ. ಇದನ್ನು ನನ್ನ ಹೆಂಡತಿ ಮದುವೆಯಾದ ಮೂರನೇ ದಿನ ಕಂಡುಕೊಂಡಳು. ನಮ್ಮ ಹೋಬಳಿಯ ರೈತರು ನಾನು ಕಂದಾಯ ವಸೂಲಿಯ ಶೇಕ್‌ದಾರನಾಗಿ ಬಂದ ಮೊದಲ ದಿನವೇ ಕಂಡುಕೊಂಡರು. ಮುದ್ದಯ್ಯ ಎಂದು ನನ್ನ ಹೆಸರು, ಬಸರಾಳಿನ ಕಡೆಯ ಒಕ್ಕಲು ಮನೆಯವನು. ಕೋಪ ಮಾಡಿಕೊಂಡರೂ ನಾನು ಮಾಡುವುದೆಲ್ಲ ಒಳ್ಳೆಯದೇ ಎಂಬ ಹಮ್ಮು ಬೇರೆ ಇತ್ತು. ಆ ಹಮ್ಮಿನಿಂದ ಎಲಚಿದೊಡ್ಡಿಯ ಒಬ್ಬ ಮುದುಕಿಯ ಪ್ರಾಣಕ್ಕೂ ಅವಳ ಮಕ್ಕಳು ಮೊಮ್ಮಕ್ಕಳ ಮನೆಗೂ ಸಂಚಕಾರ ತಂದಿದ್ದೆ. ಈಗ ಪಿಂಚಣಿ ತಿನ್ನುತ್ತ ಕೂತಿದ್ದೇನೆ, ಮುಚ್ಚಿಡುವುದಕ್ಕೆ ಏನೂ ಇಲ್ಲ, ಹೇಳಿಬಿಡುತ್ತೇನೆ.

ಯುದ್ಧದ ಕಾಲ ಅದು. ಮಂಡ್ಯ ಜಿಲ್ಲೆಯಾಗಿ ನಾಲ್ಕೈದು ವರ್ಷ ಕಳೆದಿತ್ತು. ಮಳವಳ್ಳಿ ತಾಲ್ಲೂಕಿನ ಅಂಚಿನಲ್ಲಿ, ನೆಲ ಕಾವೇರಿಯ ಕಡೆಗೆ ಇಳಿಯುವ ಕುರುಚಲು ಕಾಡಿನಲ್ಲಿ, ಇರುಳಿಗರ ಹತ್ತು ಸಂಸಾರಗಳಿದ್ದವು. ಗೆಣಸು ಅಗೆಯುತ್ತಿದ್ದರು, ಜೇನು ಇಳಿಸುತ್ತಿದ್ದರು, ಸುಗ್ಗಿಯಲ್ಲಿ ಹಿರಿಕಟ್ಟೆಯ ರೈತರ ಹೊಲಗಳಲ್ಲಿ ಕೂಲಿ ಮಾಡಿ ರಾಗಿ ಹೊತ್ತುಕೊಂಡು ಹೋಗುತ್ತಿದ್ದರು. ಕಾಡು ಸರ್ಕಾರದ್ದಾದ ಮೇಲೆ ಅವರು ಹುಟ್ಟಿದ ಜಾಗದಲ್ಲೇ ಕಳ್ಳರಾದರು. ಜೇನು ಇಳಿಸಿದರೆ ಕೇಸು, ಬಿದಿರು ಕಡಿದರೆ ಕೇಸು. ಕೊನೆಗೆ ಇವರಿಗೆ ಕಾಡಿನ ಹೊರಗೆ ಜಾಗ ಕೊಟ್ಟು ಮನೆ ಕಟ್ಟಿಸಿಕೊಡಬೇಕೆಂದು ಮೇಲಿನಿಂದ ಹುಕುಂ ಬಂತು. ಹುಕುಂ ಮೇಲಿನಿಂದ ಬಂದರೆ ಅದು ಬೀಳುವುದು ಶೇಕ್‌ದಾರನ ತಲೆಯ ಮೇಲೆಯೇ.

ಮನೆಗಳನ್ನು ನಾನು ಆಸೆಪಟ್ಟೇ ಕಟ್ಟಿಸಿದೆ. ಒಂದೇ ಸಾಲಿನಲ್ಲಿ ಹತ್ತು ಮನೆ, ಕಲ್ಲು ಮಣ್ಣಿನ ಗೋಡೆ, ನಾಡಹೆಂಚು, ಮುಂದುಗಡೆ ಜಗಲಿ. ಆ ಜಾಗಕ್ಕೆ ಎಲಚಿದೊಡ್ಡಿ ಎಂದು ಹೆಸರಾಯಿತು. ಮನೆಗೆ ಎರಡೆರಡು ಎಕರೆಯಂತೆ ಹಿರಿಕಟ್ಟೆಯ ಗೋಮಾಳದಲ್ಲಿ ಹೊಲ ಅಳೆದುಕೊಟ್ಟೆ. ದನ ಮೇಯುವ ಜಾಗ ಹೋಯಿತೆಂದು ಹಿರಿಕಟ್ಟೆಯ ಪಟೇಲ ಲಿಂಗಯ್ಯ ತಕರಾರು ಅರ್ಜಿ ಹಾಕಿದ. ಇರುಳಿಗರು ಗೋಡೆಯ ನಡುವೆ ನಿಲ್ಲುವ ಜನ ಅಲ್ಲ, ವರ್ಷ ತುಂಬುವುದರೊಳಗೆ ಮನೆ ಬಿಟ್ಟು ಕಾಡು ಸೇರುತ್ತಾರೆ ಎಂದು ಬರೆಸಿದ್ದ. ಅದನ್ನು ಓದಿದ ದೊಡ್ಡವರು ಮಂಜೂರಾತಿಗೆ ಎರಡು ಷರತ್ತು ಅಂಟಿಸಿದರು. ಯಾವ ಸಂಸಾರ ಮನೆ ಬಿಟ್ಟರೂ ಆ ಮನೆಯೂ ಹೊಲವೂ ಸರ್ಕಾರಕ್ಕೆ ವಾಪಸು. ಎಲಚಿದೊಡ್ಡಿಯಲ್ಲಿ ಎಲೆ ಗುಡಿಸಲು ಕಟ್ಟಕೂಡದು.

ಎರಡನೇ ಷರತ್ತನ್ನು ನಾನು ಬಹಳ ಹುರುಪಿನಿಂದ ನಡೆಸಿದೆ. ಹೊಸ ಮನೆಗೆ ಬಂದ ದಿನವೇ ಕಾಡಿನಲ್ಲಿದ್ದ ಹತ್ತು ಗುಡಿಸಲಿಗೂ ಬೆಂಕಿ ಹಾಕಿಸಿದೆ. ಹಿಂದಕ್ಕೆ ದಾರಿ ಇಲ್ಲದಿದ್ದರೆ ತಾನೇ ಮನುಷ್ಯ ಮುಂದಕ್ಕೆ ನಡೆಯುವುದು ಎಂದು ತಾಲ್ಲೂಕಿನ ಅಮಲ್ದಾರರ ಎದುರು ದೊಡ್ಡ ಮಾತಾಡಿದೆ. ಗುಡಿಸಲು ಉರಿಯುತ್ತಿದ್ದಾಗ ಇರುಳಿಗರೆಲ್ಲ ದೂರ ನಿಂತರು. ಬೆಟ್ಟಮ್ಮ ಎಂಬ ಹಿರಿಯ ಮುದುಕಿ ಮಾತ್ರ ನನ್ನ ಹತ್ತಿರ ಬಂದಳು.

"ಒಂದಾದ್ರೂ ಉಳ್ಸು ಬುದ್ದಿ" ಎಂದಳು.

"ಯಾಕಜ್ಜಿ? ಎಂಚಿನ ಮನೆ ಸಾಲ್ದಾ ನಿಂಗೆ?"

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಹೊರಟುಹೋದಳು. ಮುದುಕರಿಗೆ ಹಳೆಯದರ ಮೇಲೆ ಮೋಹ ಎಂದುಕೊಂಡು ನಾನೂ ಮರೆತೆ. ಅವತ್ತಿನಿಂದ ಇರುಳಿಗರು ತಮ್ಮಲ್ಲಿ ನನ್ನನ್ನು 'ಸುಡೋ ಬುದ್ದಿ' ಎಂದು ಕರೆಯುತ್ತಿದ್ದರಂತೆ. ಇದು ನನಗೆ ಗೊತ್ತಾದದ್ದು ಆಮೇಲೆ.

ಬೆಟ್ಟಮ್ಮನದು ಸಾಲಿನಲ್ಲಿ ಮೊದಲನೇ ಮನೆ. ಮಗ ಚಿಕ್ಕಮಾದು, ಸೊಸೆ ಮುದ್ದಮ್ಮ, ಮೂರು ಮೊಮ್ಮಕ್ಕಳು. ಮೊದಲ ತಿಂಗಳು ಹತ್ತು ಮನೆಯವರೂ ಒಳಗೆ ಉಸಿರು ಕಟ್ಟುತ್ತದೆಂದು ಜಗಲಿಯ ಮೇಲೆ ಮಲಗಿದರು. ಮೊದಲು ಒಳಗೆ ಒಲೆ ಹೂಡಿದವಳು ಮುದ್ದಮ್ಮ. ನೆಲ ಸಾರಿಸಿದಳು, ಹಿತ್ತಿಲಲ್ಲಿ ಅವರೆಬಳ್ಳಿ ಹಬ್ಬಿಸಿದಳು, ಗೋಡೆಗೆ ಕೆಮ್ಮಣ್ಣು ಬಳಿದಳು. ಅವಳನ್ನು ನೋಡಿ ಮಿಕ್ಕವರೂ ಒಳಗೆ ಹೋದರು. ಚಿಕ್ಕಮಾದು ಹೊಲಕ್ಕೆ ರಾಗಿ ಬಿತ್ತಿದ. ಅವನ ವಂಶದಲ್ಲಿ ಸ್ವಂತ ಹೊಲಕ್ಕೆ ಬೀಜ ಹಾಕಿದವನು ಅವನೇ ಮೊದಲು. ಕಾರ್ತಿಕದ ಹೊತ್ತಿಗೆ ತೆನೆ ಕಟ್ಟಿ ಹೊಲ ತೂಗುತ್ತಿತ್ತು. ಅದನ್ನು ನೋಡುವುದಕ್ಕೇ ನಾನು ವಾರಕ್ಕೊಮ್ಮೆ ಸೈಕಲ್ಲು ತುಳಿದುಕೊಂಡು ಬರುತ್ತಿದ್ದೆ, ಕೆಲಸದ ನೆಪ ಹೇಳಿಕೊಂಡು.

ಆ ಕಾರ್ತಿಕದಲ್ಲೇ ಮಂಡ್ಯದಿಂದ ಡೆಪ್ಯುಟಿ ಕಮಿಷನರ್ ಸಾಹೇಬರು ತನಿಖೆಗೆ ಬರುತ್ತಾರೆಂದು ಕಾಗದ ಬಂತು. ಶನಿವಾರ ಬರುವವರಿದ್ದರು. ನಾನು ಸೋಮವಾರವೇ ಎಲಚಿದೊಡ್ಡಿಗೆ ಹೋದೆ, ಅಂಗಳಗಿಂಗಳ ಗುಡಿಸಿ ಇಟ್ಟುಕೊಳ್ಳಿ ಎಂದು ಹೇಳುವುದಕ್ಕೆ.

ಊರ ಮುಂದಿನ ಹೊಂಗೆಮರದ ಕೆಳಗೆ ಒಂದು ಕಂಬಳಿ ಮುದ್ದೆ ಬಿದ್ದಿತ್ತು. ಅದು ನಡುಗುತ್ತಿತ್ತು. ಸೈಕಲ್ಲು ಇಳಿದು ನೋಡಿದರೆ ಬೆಟ್ಟಮ್ಮ. ಮೈ ಕೆಂಡ, ಕಣ್ಣು ಅರೆ ಮುಚ್ಚಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ಚಳಿಜ್ವರ. ತುಂತುರು ಮಳೆ ಬೇರೆ ಹಿಡಿದಿತ್ತು. ಹತ್ತು ಮಾರು ದೂರದಲ್ಲಿ ನಾನು ಕಟ್ಟಿಸಿದ ಬೆಚ್ಚಗಿನ ಹೆಂಚಿನ ಮನೆ, ಅದರ ಜಗಲಿಯ ಮೇಲೆ ಅವಳ ಮಗ ತಲೆ ತಗ್ಗಿಸಿ ಕೂತಿದ್ದಾನೆ. ನನಗೆ ಪಿತ್ತ ನೆತ್ತಿಗೇರಿತು.

"ಬಾರ್ಲಾ ಇಲ್ಲಿ, ಚಿಕ್ಕಮಾದು! ಎತ್ತ ತಾಯಿನ ಬೀದೀಗಾಕಿ ನೀನು ಎಂಚಿನ ಕೆಳಗೆ ಕೂತಿದ್ದೀಯಲ್ಲಾ, ಮಾನ ಇಲ್ವೇನ್ಲಾ ನಿಂಗೆ?"

"ಅವ್ವನೇ ಏಳುದ್ಲು ಬುದ್ದಿ…"

"ಬಾಯ್ಮುಚ್ಚು. ಎತ್ತು ಒಳಕ್ಕೆ."

ಬೆಟ್ಟಮ್ಮ ಕಂಬಳಿಯೊಳಗಿಂದ ಕೈ ಚಾಚಿ ನನ್ನ ಕಾಲು ಹಿಡಿದುಕೊಂಡಳು. "ಬ್ಯಾಡ ಬುದ್ದಿ. ಇಲ್ಲೇ ಬುಡು ನನ್ನ. ನಿನ್ ಕಾಲಿಗ್ ಬೀಳ್ತೀನಿ."

"ಸುಮ್ಕಿರಜ್ಜಿ. ಮಗನ ಮರ್ವಾದೆ ಕಾಯಾಕೆ ಇಂಗಾಡ್ತೀಯ, ನಂಗೊತ್ತಿಲ್ವಾ?"

ಚಿಕ್ಕಮಾದು ಅಲ್ಲಾಡಲಿಲ್ಲ. ಒಳಗೆ ಸೇರಿಸದಿದ್ದರೆ ಹೊಲ ಕಿತ್ತುಕೊಳ್ಳುತ್ತೇನೆ ಎಂದೆ. ನಾಚಿಕೆಯಾಗುತ್ತದೆ ಈಗ, ಆದರೆ ಅಂದದ್ದು ನಿಜ. ಅವನು ಎದ್ದು ಬಂದ. ತಾಯಿಯನ್ನು ತೋಳಲ್ಲಿ ಎತ್ತಿ ಹೊಸ್ತಿಲು ದಾಟಿಸಿ ಒಳಗೆ ಒಲೆಯ ಪಕ್ಕ ಮಲಗಿಸಿದ. ಮುದ್ದಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಸೊಸೆಗೂ ತಪ್ಪು ಅರಿವಾಯಿತು ಎಂದುಕೊಂಡೆ. ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಸೈಕಲ್ಲು ಹತ್ತಿದೆ.

ದಾರಿಯಲ್ಲಿ ಹಿರಿಕಟ್ಟೆ. ಪಟೇಲ ಲಿಂಗಯ್ಯ ಜಗಲಿಯ ಮೇಲಿಂದ ಕೂಗಿ ಕರೆದು ಮಜ್ಜಿಗೆ ಕೊಡಿಸಿದ. ತಕರಾರು ಅರ್ಜಿ ಒಂದು ಕಡೆ, ಮಜ್ಜಿಗೆ ಒಂದು ಕಡೆ. ಅವನು ಅಂಥ ಮನುಷ್ಯ. ನಾನು ಮಜ್ಜಿಗೆ ಕುಡಿಯುತ್ತ ನನ್ನ ಘನಕಾರ್ಯ ವರ್ಣಿಸಿದೆ. ಲಿಂಗಯ್ಯ ಮೊದಲು ನನ್ನ ಮುಖ ನೋಡಿದ, ಆಮೇಲೆ ತೊಡೆ ತಟ್ಟಿಕೊಂಡು ನಕ್ಕ.

"ತಾವು ನಂಗೆ ಇಷ್ಟ್ ದೊಡ್ಡ ಉಪ್ಕಾರ ಮಾಡ್ತೀರ ಅಂತ ನಾನು ಕನಸ್ನಲ್ಲೂ ಎಣಿಸಿರ್ನಿಲ್ಲ ಸ್ವಾಮಿ."

"ಏನು ಉಪಕಾರ?"

"ಇರುಳಿಗ್ರಲ್ಲಿ ಯಾರಾದ್ರೂ ಮನೆಯೊಳ್ಗೆ ಸತ್ರೆ ಆಮ್ಯಾಕೆ ಆ ಮನೇಲಿ ಒಲೆ ಅಚ್ಚಾಕಿಲ್ಲ. ಅದು ಸತ್ತೋರ ಮನೆ ಆಯ್ತದೆ. ಉಳ್ದೋರು ಅದ್ನ ಅಂಗೇ ಬುಟ್ಟು ಆಚೆಗೊಂದು ಗುಡ್ಲು ಕಟ್ಕೋತಾರೆ. ಎಲೆ ಗುಡ್ಲಿಗೇನು, ಒಂದ್ ಒತ್ತಿನ ಕೆಲ್ಸ. ತಮ್ಮ ಎಂಚಿನ ಮನೆ ಬುಟ್ರೆ? ಸರತ್ತು ಅದೆಯಲ್ಲ ಸ್ವಾಮಿ, ಮನೆ ಬುಟ್ರೆ ಒಲಾನೂ ವಾಪಸು ಅಂತ. ಮುದ್ಕಿಗೆ ಅದು ಗೊತ್ತು. ಅದ್ಕೇ ಮರದಡೀಲಿ ಬಂದು ಮಲ್ಗವ್ಳೆ, ಒಳ್ಗೆ ಸಾಯಬಾರ್ದು ಅಂತ."

ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ. ಲಿಂಗಯ್ಯ ನಗು ನಿಲ್ಲಿಸಿದ. ನನ್ನ ಮುಖ ನೋಡಿ ಅವನಿಗೂ ಏನೋ ಅನ್ನಿಸಿರಬೇಕು. "ಅವ್ರ ಮ್ಯಾಲೆ ನಂಗೇನು ದ್ವೇಸ ಇಲ್ಲ ಸ್ವಾಮಿ" ಎಂದ. "ನನ್ ದನಗೋಳ್ಗೆ ಉಲ್ಲು ಬೇಕು, ಅಷ್ಟೇಯ."

ನಾನು ಬಂದ ದಾರಿಯಲ್ಲೇ ವಾಪಸು ಸೈಕಲ್ಲು ತುಳಿದೆ. ಅಷ್ಟು ವೇಗವಾಗಿ ನಾನು ಅದಕ್ಕೆ ಮುಂಚೆಯೂ ತುಳಿದಿಲ್ಲ, ಆಮೇಲೂ ತುಳಿದಿಲ್ಲ. ಎಲಚಿದೊಡ್ಡಿಯಲ್ಲಿ ಸೈಕಲ್ಲನ್ನು ಬಿಸಾಡಿ, "ಚಿಕ್ಕಮಾದು, ಅಜ್ಜಿನ ಎತ್ತಿ ಆಚೆಗೆ ತಂದ್ಬುಡು, ಮರದ ಕೆಳಗೇ ಮಲಗುಸು" ಎಂದೆ.

"ಇನ್ನಾಗಾಕಿಲ್ಲ ಬುದ್ದಿ."

"ಯಾಕೆ?"

"ಕಾಯ್ಲೆ ಬಿದ್ದೋರು ತಾವಾಗೇ ಎದ್ದು ಆಚೆಗೆ ಬರ್ಬೇಕು. ಇನ್ನೊಬ್ರು ಒತ್ಕಂಡು ಆಚೆಗೆ ಒಸ್ಲು ದಾಟುಸುದ್ರೆ ಎಣ ಎತ್ತುದಂಗೆ. ಆಗ್ಲೂ ಮನೆ ಓಯ್ತು." ಅವನ ದನಿಯಲ್ಲಿ ಕೋಪವೂ ಇರಲಿಲ್ಲ. "ಬೆಳಗ್ಗೆ ಅವ್ವ ಗ್ವಾಡೆ ಇಡ್ಕಂಡು ತಾನೇ ನಡ್ದು ಬಂದಿದ್ಲು ಬುದ್ದಿ. ಇದ್ದ ಸಕ್ತಿಯೆಲ್ಲ ಅದ್ರಲ್ಲೇ ಓಯ್ತು."

"ಅದನ್ನ ಆಗಲೇ ಯಾಕೆ ಏಳ್ಲಿಲ್ಲ ನೀನು?"

ಉತ್ತರ ಕೊಟ್ಟವಳು ಬಾಗಿಲಲ್ಲಿ ನಿಂತಿದ್ದ ಮುದ್ದಮ್ಮ. "ಏಳಾಕೆ ಬುಟ್ರಾ ನೀವು?"

ಆ ಹೆಂಗಸು ಅದುವರೆಗೆ ನನ್ನೆದುರು ತಲೆಯೆತ್ತಿ ಮಾತಾಡಿದವಳಲ್ಲ. ನಾನು ಜಗಲಿಯ ಮೇಲೆ ಕುಸಿದು ಕೂತೆ. ಒಳಗೆ ಕೆಮ್ಮಣ್ಣಿನ ಗೋಡೆ, ಹಿತ್ತಿಲಲ್ಲಿ ಅವರೆ ಚಪ್ಪರ, ಆಚೆಗೆ ತೂಗುವ ರಾಗಿ. ಮುದುಕಿ ಸತ್ತರೆ ಇದೆಲ್ಲ ಬಿಟ್ಟು ಉಳಿದ ಐದು ಜನ ಕಾಡಿಗೆ ಹೋಗಬೇಕು. ಕಾಡಿನಲ್ಲಿ ಗಾರ್ಡು ಕೇಸು ಹಾಕುತ್ತಾನೆ. ಅಲ್ಲಿದ್ದ ಗುಡಿಸಲನ್ನು ನಾನೇ ಸುಟ್ಟಿದ್ದೇನೆ. ಮೊದಲನೇ ಮನೆ ಖಾಲಿಯಾದರೆ ಮಿಕ್ಕವರು ಎಷ್ಟು ದಿನ ನಿಂತಾರು? ಒಂದೇ ದಾರಿ ಉಳಿದಿತ್ತು. ಬೆಟ್ಟಮ್ಮ ಸಾಯಬಾರದು. ತನ್ನ ಕಾಲಿನ ಮೇಲೆ ತಾನು ಎದ್ದು ಆ ಹೊಸ್ತಿಲು ದಾಟಬೇಕು.

ಮಾರನೆಯ ಬೆಳಗ್ಗೆ ಮಳವಳ್ಳಿಗೆ ಹೊರಟೆ. ಪೆಟ್ರೋಲು ಸಿಕ್ಕದ ಕಾಲ, ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಏರು ಬಂದಾಗಲೆಲ್ಲ ನಾವೆಲ್ಲ ಇಳಿದು ತಳ್ಳಿದೆವು. ಟಿಕೆಟ್ಟಿಗೆ ದುಡ್ಡು ಕೊಟ್ಟದ್ದು ಯಾಕೋ ಎಂದು ಒಬ್ಬ ಬೈದ. ಇನ್ನೊಂದು ದಿನವಾಗಿದ್ದರೆ ನಾನೂ ದನಿಗೂಡಿಸುತ್ತಿದ್ದೆ, ಅವತ್ತು ಬಾಯಿ ಮುಚ್ಚಿಕೊಂಡು ತಳ್ಳಿದೆ. ಆಸ್ಪತ್ರೆಯ ಡಾಕ್ಟರು ಕ್ವಿನೈನ್ ಹೆಸರು ಎತ್ತುತ್ತಲೇ ಕೈಯಾಡಿಸಿದರು. ಎಲ್ಲ ಸೈನ್ಯಕ್ಕೆ ಹೋಗುತ್ತಿದೆ, ನಾಲೆ ಬಯಲಿನ ಊರೂರೇ ಚಳಿಜ್ವರದಲ್ಲಿ ಮಲಗಿದೆ, ಯಾರಿಗೆ ಕೊಡಲಿ ಎಂದರು. ಸಾಮಾನ್ಯವಾಗಿ ಇಂಥ ಕಡೆ ನಾನು ಮೇಜು ಗುದ್ದುತ್ತಿದ್ದೆ. ಅವತ್ತು ಕೈ ಮುಗಿದೆ. ನಡೆದದ್ದನ್ನು ನಡೆದ ಹಾಗೆ, ನನ್ನ ಮೂರ್ಖತನವನ್ನೂ ಬಿಡದೆ, ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಶೇಕ್‌ದಾರ್ರೇ, ನೀವು ಔಷಧಿ ಕೇಳ್ತಿರೋದು ಮುದುಕಿಗೋ, ನಿಮಗೋ?"

"ಇಬ್ಬರಿಗೂ ಸ್ವಾಮಿ."

ಕಾಗದದ ಪೊಟ್ಟಣದಲ್ಲಿ ಒಬ್ಬರಿಗೆ ಸಾಕಾಗುವಷ್ಟು ಮಾತ್ರೆ ಕಟ್ಟಿಕೊಟ್ಟರು. ಹೊಟ್ಟೆಗೆ ಏನಾದರೂ ಕೊಟ್ಟು ನುಂಗಿಸಬೇಕು, ಒಂದು ಹೊತ್ತೂ ತಪ್ಪಿಸಬಾರದು ಎಂದರು.

ಮಧ್ಯಾಹ್ನಕ್ಕೆ ಎಲಚಿದೊಡ್ಡಿ ತಲುಪಿದೆ. ಬೆಟ್ಟಮ್ಮನಿಗೆ ಜ್ವರ ಸ್ವಲ್ಪ ಇಳಿದಿತ್ತು, ಮಾತಾಡುತ್ತಿದ್ದಳು. ಆದರೆ ತಲೆ ಎತ್ತುವುದಕ್ಕೂ ಆಗುತ್ತಿರಲಿಲ್ಲ. ನಾನು ಬಗ್ಗಿ ಒಳಗೆ ಹೋಗಿ ಪಕ್ಕದಲ್ಲಿ ಕೂತೆ.

"ಯಾರು, ಸುಡೋ ಬುದ್ದಿನಾ?" ಎಂದಳು.

ಮುದ್ದಮ್ಮ ನಾಲಿಗೆ ಕಚ್ಚಿಕೊಂಡಳು. ನನ್ನ ಬಿರುದು ನನಗೆ ತಿಳಿದದ್ದು ಹೀಗೆ.

"ಊ ಕಣಜ್ಜಿ, ಅವ್ನೇ. ಮಾತ್ರೆ ತಂದಿದ್ದೀನಿ, ನುಂಗು."

"ನಂಗ್ಯಾಕೆ ಮಾತ್ರೆ? ನಾನು ಓಗೋಳು. ನನ್ ಗಂಡ ಓದ, ನನ್ ಅಕ್ಕದೀರು ಓದ್ರು. ಎಲ್ರಿಗೂ ಜಾಗ ಇತ್ತು ಸಾಯಾಕೆ. ನಂಗೆ ಇಲ್ದಂಗ್ ಮಾಡ್ದೆ ನೀನು. ಅವತ್ತೇ ಏಳ್ದೆ, ಒಂದಾದ್ರೂ ಉಳ್ಸು ಅಂತ."

ಅವತ್ತು ಅವಳು ನನ್ನ ಮುಖ ನೋಡಿ ಸುಮ್ಮನಾದದ್ದು ಯಾಕೆಂದು ಈಗ ತಿಳಿಯಿತು. ಹೇಳಿದರೂ ತಿಳಿಯದ ಮುಖ ಎಂದು ನೋಡಿಯೇ ಹೋಗಿದ್ದಳು. ನನಗೆ ಅಳು ಬಂತು. ಸರ್ಕಾರಿ ಕೋಟು ಹಾಕಿಕೊಂಡು ಇರುಳಿಗರ ಒಲೆಯ ಮುಂದೆ ಅತ್ತ ಶೇಕ್‌ದಾರ ನಾನೊಬ್ಬನೇ ಇರಬೇಕು.

"ತಪ್ಪಾಯ್ತು ಕಣಜ್ಜಿ. ಏನ್ ಮಾಡ್ಲಿ ಏಳು."

ಅವಳು ಮುಖವನ್ನು ನನ್ನ ಕಡೆ ತಿರುಗಿಸಿದಳು. "ಒಂದು ಗುಡ್ಲು ಕಟ್ಕೊಡು" ಎಂದಳು. "ಈ ಸಾಲಿನಿಂದಾಚೆಗೆ. ನಂಗೊಬ್ಳಿಗಲ್ಲ, ಎಲ್ರಿಗೂ. ಯಾರ್ಗೆ ಕಾಲ ಬತ್ತದೋ ಅವ್ರು ಎದ್ದು ಅಲ್ಲೀಗೋಯ್ತಾರೆ. ಇಲ್ಲಿ ಒಲೆ ಉರೀತಾನೇ ಇರ್ತದೆ. ನೀನೇ ಸುಟ್ಟಿದ್ದು, ನೀನೇ ಕಟ್ಬೇಕು. ನಿನ್ ಕೈಯಾರೆ. ಅಂಗಾದ್ರೆ ನುಂಗ್ತೀನಿ ನಿನ್ ಮಾತ್ರೆಯ."

ಎಲೆ ಗುಡಿಸಲು ಕಟ್ಟಕೂಡದೆಂಬ ಷರತ್ತು ನನ್ನ ಕಾಗದದ ಕಟ್ಟಿನಲ್ಲೇ ಇತ್ತು. ಶನಿವಾರ ಸಾಹೇಬರು ಬಂದು ನೋಡುವುದೂ ಖಂಡಿತ. ಕೆಲಸ ಹೋದರೆ ಹೋಗಲಿ ಅನ್ನಿಸಿತು. "ಆಯ್ತು" ಎಂದೆ. ಅವಳು ಬಾಯಿ ತೆರೆದಳು. ಮುದ್ದಮ್ಮ ಅಂಬಲಿ ಕುಡಿಸಿದಳು, ನಾನು ಮಾತ್ರೆ ಹಾಕಿದೆ.

"ಥೂ, ನಿನ್ನಂಗೇ ಅದೆ, ಕಯ್ಯಿ!" ಎಂದಳು ಬೆಟ್ಟಮ್ಮ.

ಬುಧವಾರ, ಗುರುವಾರ ಎರಡು ದಿನ ನಾನು ಕೋಟು ಬಿಚ್ಚಿ ಮರದ ಕೊಂಬೆಗೆ ತಗುಲಿಹಾಕಿ ಗುಡಿಸಲು ಕಟ್ಟಿದೆ. ಒಕ್ಕಲು ಮನೆಯಲ್ಲಿ ಹುಟ್ಟಿದವನು, ಇದೇನು ಮಹಾ ಎಂದುಕೊಂಡಿದ್ದೆ. ಮೊದಲ ದಿನ ನಾನು ನಿಲ್ಲಿಸಿದ ಗಳುಗಳೆಲ್ಲ ಸಂಜೆಯೊಳಗೆ ಮಲಗಿದವು. ಹತ್ತು ಮನೆಯವರೂ ಜಗಲಿಯಲ್ಲಿ ಸಾಲಾಗಿ ಕೂತು ನೋಡಿದರು. ಯಾರೂ ಕೈ ಹಾಕುವಂತಿರಲಿಲ್ಲ, ಬೆಟ್ಟಮ್ಮನ ಮಾತು. ಬಾಯಿ ಹಾಕಬಾರದು ಎಂದು ಮಾತ್ರ ಅವಳು ಹೇಳಿರಲಿಲ್ಲ.

"ಬುದ್ದಿ, ಬಳ್ಳೀನ ಒಳಗಿಂದ ಸುತ್ತಿ! ಆಚೆಗಲ್ಲ!"

"ಅದು ಗಂಟಾ ಬುದ್ದಿ? ಆಡೂ ಕಟ್ಟಾಕ್ಬಾರ್ದು ಅದ್ರಲ್ಲಿ!"

ಎರಡನೇ ದಿನ ಚಿಕ್ಕಮಾದು ನನ್ನ ಪಕ್ಕ ಬಂದು ಕುಕ್ಕರುಗಾಲಲ್ಲಿ ಕೂತ. ಗಳುವಿಗೆ ಗಳು ಹೇಗೆ ಕೂಡಿಸಬೇಕು, ಬಾದೆಹುಲ್ಲನ್ನು ಕೆಳಗಿನಿಂದ ಮೇಲಕ್ಕೆ ಹೇಗೆ ಹೊದಿಸಬೇಕು ಎಂದು ನಿಧಾನವಾಗಿ ಹೇಳಿಕೊಟ್ಟ. ಅವನು ನನ್ನನ್ನು ಒಮ್ಮೆಯೂ ಬೈಯಲಿಲ್ಲ. ಸಂಜೆಗೆ ಒಂದು ಗುಡಿಸಲು ನಿಂತಿತು. ಮೂಡಣಕ್ಕೆ ಸ್ವಲ್ಪ ವಾಲಿಕೊಂಡೇ ನಿಂತಿತು, ಆದರೂ ನಿಂತಿತು. ಅಂಗೈಯೆಲ್ಲ ಬೊಬ್ಬೆ.

ಒಳಗಿನ ಸಂಗತಿ ಅಷ್ಟು ಸುಲಭವಿರಲಿಲ್ಲ. ಬುಧವಾರ ಬೆಟ್ಟಮ್ಮನಿಗೆ ಮತ್ತೆ ಚಳಿ ಬಂತು. ಮೂರು ಕಂಬಳಿ ಹೊದಿಸಿದರೂ ನಡುಕ ನಿಲ್ಲಲಿಲ್ಲ. ಮಧ್ಯಾಹ್ನ ಅವಳು ಯಾರ ಯಾರದೋ ಹೆಸರು ಕರೆಯತೊಡಗಿದಾಗ ಮುದ್ದಮ್ಮ ಮೂಲೆಯಲ್ಲಿದ್ದ ಮಡಕೆಗಳನ್ನು ಒಂದೊಂದಾಗಿ ಎತ್ತಿ ಜಗಲಿಗೆ ತಂದಿಟ್ಟಳು. ಬೀಸುವ ಕಲ್ಲನ್ನೂ ಎಳೆದು ತಂದಳು. ಸತ್ತ ಮೇಲೆ ಒಳಗಿನ ಸಾಮಾನು ಮುಟ್ಟುವಂತಿಲ್ಲವಂತೆ. ಆ ಬೀಸುವ ಕಲ್ಲು ಹೊರಗೆ ಬಂದದ್ದು ನೋಡಿ ನನ್ನ ಕೈಯಲ್ಲಿದ್ದ ಬಳ್ಳಿ ಜಾರಿತು. ಇನ್ನೇನೂ ತೋಚದೆ ಮತ್ತೆ ಗುಡಿಸಲಿಗೇ ಕೈ ಹಾಕಿದೆ.

ಗುರುವಾರ ಜ್ವರ ಇಳಿದೇ ಇತ್ತು. ಆದರೆ ಅದು ದಿನ ಬಿಟ್ಟು ದಿನ ಬರುವ ಜ್ವರ, ನಂಬುವ ಹಾಗಿರಲಿಲ್ಲ. ಶುಕ್ರವಾರ ಅದು ಬರಬೇಕಾಗಿದ್ದ ದಿನ. ನಾನು ಬೆಳಗ್ಗೆಯೇ ಬಂದು ಜಗಲಿಯ ಮೇಲೆ, ಮಡಕೆಗಳ ಪಕ್ಕ ಕೂತೆ. ಬಿಸಿಲು ಏರಿತು. ಚಳಿ ಬರುವ ಹೊತ್ತು ಬಂತು, ಚಳಿ ಬರಲಿಲ್ಲ. ಮುದ್ದಮ್ಮ ಒಳಗೆ ಹೋಗಿ ಹೋಗಿ ಅತ್ತೆಯ ಹಣೆ ಮುಟ್ಟಿ ಬರುತ್ತಿದ್ದಳು. ಒಂದು ಸಲ ಹೋದವಳು ಅಲ್ಲಿಂದಲೇ ಕೂಗಿದಳು:

"ಬೆವ್ರು! ಬೆವ್ರು ಬತ್ತಾ ಅದೆ!"

ಚಿಕ್ಕಮಾದು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ.

ಮಧ್ಯಾಹ್ನ ಬೆಟ್ಟಮ್ಮ ಒಂದು ಬಟ್ಟಲು ಅಂಬಲಿ ಕುಡಿದು, ಇನ್ನೊಂದು ಕೇಳಿ ಕುಡಿದಳು. ಆಮೇಲೆ ಗೋಡೆ ಹಿಡಿದು ಎದ್ದಳು. ಸೊಸೆ ಕೈ ಕೊಡಲು ಹೋದರೆ ತಳ್ಳಿದಳು. ಹತ್ತು ಮನೆಯವರೂ ಬಂದು ಅಂಗಳದಲ್ಲಿ ನಿಂತರು. ಒಲೆಯಿಂದ ಬಾಗಿಲಿಗೆ ಏಳೆಂಟು ಹೆಜ್ಜೆ. ಅವಳು ನಡುವೆ ಎರಡು ಸಲ ನಿಂತಳು. ಒಮ್ಮೆ ಮೊಳಕಾಲು ಬಾಗಿತು. ಚಿಕ್ಕಮಾದು ನುಗ್ಗಲು ಹೋದ, ನಾನು ಅವನ ತೋಳು ಹಿಡಿದುಕೊಂಡೆ. ಬೆಟ್ಟಮ್ಮ ಬಾಗಿಲ ಚೌಕಟ್ಟಿಗೆ ಆತುಕೊಂಡು, ಒಂದು ಕಾಲು ಎತ್ತಿ ಹೊಸ್ತಿಲಾಚೆ ಇಟ್ಟಳು. ಇನ್ನೊಂದನ್ನೂ ಎಳೆದುಕೊಂಡಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಜಗಲಿಯ ಮೇಲೆ ಕೂತಳು.

"ಏನಂಗ್ ನೋಡ್ತೀರಿ?" ಎಂದಳು. "ಮಡ್ಕೆ ಒಳಗಿಡ್ರವ್ವ, ನಾಯಿಗೀಯಿ ಮುಟ್ಟಾತು."

ಹೆಂಗಸರು ನಗುತ್ತ ಅಳುತ್ತ ಮಡಕೆ ಎತ್ತಿದರು. ಬೀಸುವ ಕಲ್ಲನ್ನು ನಾನೂ ಚಿಕ್ಕಮಾದುವೂ ಸೇರಿ ಒಳಗಿಟ್ಟೆವು. ಮೈಮೇಲಿಂದ ಬೆಟ್ಟ ಇಳಿಸಿದಷ್ಟು ಹಗುರಾಯಿತು ನನಗೆ.

ಹಗುರ ಇದ್ದದ್ದು ಒಂದೇ ರಾತ್ರಿ. ಶನಿವಾರ ಬೆಳಗ್ಗೆ ಸಾಹೇಬರು ಬಂದರು, ತಲೆಗೆ ಟೊಪ್ಪಿ, ಕೈಯಲ್ಲಿ ಬೆತ್ತ. ಜೊತೆಗೆ ಅಮಲ್ದಾರರು. ಪಟೇಲ ಲಿಂಗಯ್ಯ ಜರಿಪೇಟ ಸುತ್ತಿ ಮುಂದೆಯೇ ನಿಂತಿದ್ದ. ಸಾಹೇಬರು ಒಂದೊಂದೇ ಮನೆ ನೋಡುತ್ತ ಬಂದರು, ಮುದ್ದಮ್ಮನ ಕೆಮ್ಮಣ್ಣಿನ ಗೋಡೆ ನೋಡಿ ತಲೆದೂಗಿದರು. ಸಾಲು ಮುಗಿಯಿತು. ಅಲ್ಲಿಂದಾಚೆಗೆ ಎದ್ದು ಕಾಣುವಂತೆ ನನ್ನ ವಾಲಿದ ಗುಡಿಸಲು.

"ಅದೇನು?"

ನಾನು ಬಾಯಿ ತೆರೆಯುವುದರೊಳಗೆ ಲಿಂಗಯ್ಯ ಶುರು ಮಾಡಿದ. "ನಾನು ಅರ್ಜಿಯಲ್ಲಿ ಬರೆದಿರ್ನಿಲ್ವಾ ಮಾಸ್ವಾಮಿ? ಗುಡ್ಲು ಆಗ್ಲೇ ಎದ್ದದೆ. ಸಾವಾದ್ರೆ ಮನೆ ಬುಟ್ಟೋಗೋ ಜನ ಇವ್ರು. ಇಂಥೋರ್ಗೆ ಭೂಮಿ ಕೊಟ್ರೆ ಉಳೀತದಾ?"

ಒಂದು ವಾರ ತಡೆದುಕೊಂಡಿದ್ದ ಕೋಪವೆಲ್ಲ ನನಗೆ ಒಟ್ಟಿಗೆ ಬಂತು.

"ಪಟೇಲರೇ, ಎರಡು ವರ್ಷದ ಹಿಂದೆ ನಿಮ್ಮ ತಂದೆ ತೀರಿಕೊಂಡಾಗ ಜೋಯಿಸರು ನಕ್ಷತ್ರ ಸರಿಯಿಲ್ಲ ಅಂದರು. ನೀವು ಮನೆಯ ಬಾಗಿಲಿಗೆ ಮುಳ್ಳು ಹಾಕಿ ಆರು ತಿಂಗಳು ಮನೆ ಬಿಟ್ಟಿರಿ. ಹೆಂಡತಿ ಮಕ್ಕಳ ಸಮೇತ ದನದ ಕೊಟ್ಟಿಗೆಯಲ್ಲಿ ಇದ್ದಿರಿ. ಕಂದಾಯದ ರಸೀದಿ ಕೊಡುವುದಕ್ಕೆ ನಾನೇ ಆ ಕೊಟ್ಟಿಗೆಗೆ ಬಂದಿದ್ದೆ. ಮನೆ ಬಿಟ್ಟಿರಿ ಅಂತ ಸರ್ಕಾರ ನಿಮ್ಮ ಜಮೀನು ಕಿತ್ತುಕೊಂಡಿತೇ?"

ಅಮಲ್ದಾರರು ಕೆಮ್ಮಿದರು. ಸಾಹೇಬರು ಪಟೇಲನ ಕಡೆ ತಿರುಗಿದರು.

"ಹೌದೇನ್ರೀ?"

"ಅದು… ಸಾಸ್ತ್ರ ಮಾಸ್ವಾಮಿ" ಎಂದ ಲಿಂಗಯ್ಯ, ಸಣ್ಣ ದನಿಯಲ್ಲಿ.

"ನಾವೂ ಮನೆ ಬಿಟ್ಟಿದ್ದೀವಿ, ನಮ್ಮ ತಾಯಿ ಹೋದಾಗ" ಎಂದರು ಸಾಹೇಬರು ತಮಗೆ ತಾವೇ ಹೇಳಿಕೊಳ್ಳುವಂತೆ. ಆಮೇಲೆ ಜಗಲಿಯಲ್ಲಿ ಕೂತಿದ್ದ ಬೆಟ್ಟಮ್ಮನ ಮುಂದೆ ಹೋಗಿ ನಿಂತರು. "ಅಜ್ಜಿ, ಏನು ಆ ಗುಡಿಸಲು?"

"ಈ ಮನೆ ಬಾಳಾಕೆ ಬುದ್ದಿ. ಅದು ಸಾಯಾಕೆ" ಎಂದಳು ಬೆಟ್ಟಮ್ಮ. "ಸಾಯಾಕೊಂದು ಜಾಗ ಇದ್ರೆ ತಾನೇ ಇಲ್ಲಿ ನೆಮ್ಮದಿಯಾಗಿ ಬಾಳಾದು?"

"ಕಟ್ಟಿದವರು ಯಾರು?"

ಅವಳು ನನ್ನ ಕಡೆ ಬೆರಳು ತೋರಿಸಿದಳು. ಸಾಹೇಬರು ನನ್ನ ಅಂಗೈಯ ಬೊಬ್ಬೆ ನೋಡಿದರು, ಗುಡಿಸಲಿನ ವಾಲು ನೋಡಿದರು. ಅಮಲ್ದಾರರ ಕೈಯಿಂದ ಕಾಗದದ ಕಟ್ಟು ತೆಗೆದುಕೊಂಡು ಅಲ್ಲೇ ನಿಂತು ಎರಡನೇ ಷರತ್ತಿನ ಮೇಲೆ ಗೀಟು ಎಳೆದರು. ನಕ್ಷೆಯಲ್ಲಿ ಹತ್ತು ಮನೆಯ ಪಕ್ಕ ಹನ್ನೊಂದನೆಯ ಚೌಕ ಬರೆದು ರುಜು ಹಾಕಿದರು. ಹೊರಡುವಾಗ, "ಶೇಕ್‌ದಾರ್ರೇ, ಇನ್ನು ಮೇಲೆ ಬೆಂಕಿ ಹಾಕುವ ಮುಂಚೆ ಕೇಳಿ" ಎಂದಷ್ಟೇ ಅಂದರು. ಅದಕ್ಕಿಂತ ಚೆನ್ನಾಗಿ ಯಾರೂ ನನ್ನನ್ನು ಬೈದಿಲ್ಲ.

ಸಾಹೇಬರ ಕಾರು ಹೋದ ಮೇಲೆ ಲಿಂಗಯ್ಯ ನನ್ನ ಹತ್ತಿರ ಬಂದ. "ಎಲ್ರ ಮುಂದೆ ನಮ್ಮಪ್ಪನ ಸಾವು ಎತ್ತಾಡುದ್ರಲ್ಲ ಸ್ವಾಮಿ" ಎಂದ. ಅವನ ಕಣ್ಣು ಒದ್ದೆಯಾಗಿತ್ತು. ಅದೂ ತಪ್ಪೇ. ತಪ್ಪಾಯಿತು ಎಂದೆ. ಒಂದೇ ವಾರದಲ್ಲಿ ಆ ಮಾತು ಎರಡನೇ ಸಲ ನನ್ನ ಬಾಯಲ್ಲಿ ಬಂದದ್ದು ನನ್ನ ಹೆಂಡತಿಗೆ ಹೇಳಿದರೆ ಅವಳು ನಂಬಲಿಲ್ಲ.

ಬೆಟ್ಟಮ್ಮ ಆಮೇಲೆ ಮೂರು ವರ್ಷ ಗಟ್ಟಿಯಾಗಿ ಬದುಕಿದಳು. ಮೂರು ಸುಗ್ಗಿಯ ರಾಗಿ ಕಂಡಳು. ನಾನು ಹೋದಾಗಲೆಲ್ಲ, "ನಿನ್ ಗುಡ್ಲು ಬೀಳೋಕ್ ಮುಂಚೆ ನಾನು ಓಗ್ಬೇಕು ಕಣ್ ಬುದ್ದಿ" ಎಂದು ಚೇಷ್ಟೆ ಮಾಡುತ್ತಿದ್ದಳು.

ಸ್ವರಾಜ್ಯ ಬಂದ ವರ್ಷ ಶ್ರಾವಣದ ಒಂದು ಬೆಳಗ್ಗೆ ಚಿಕ್ಕಮಾದು ನಮ್ಮ ಕಚೇರಿಯ ಬಾಗಿಲಲ್ಲಿ ಬಂದು ನಿಂತ. ತಲೆ ಬೋಳಿಸಿದ್ದ. ನೋಡುತ್ತಲೇ ನನಗೆ ತಿಳಿಯಿತು.

"ಮೊನ್ನೆ ಅವ್ವ ಅಂಬ್ಲಿ ಕುಡ್ದು, ಮೊಮ್ಮಕ್ಳ ತಲೆ ಸವ್ರಿ, ತಾನೇ ನಡ್ಕಂಡು ಗುಡ್ಲಿಗೋದ್ಲು ಬುದ್ದಿ. ನಾನು ಜೊತೇಲಿ ಕೂತಿದ್ದೆ. ಮಧ್ಯಾನ್ನ ಓದ್ಲು. ನೋವು ಪಡ್ಲಿಲ್ಲ."

ನಾನು ಎದ್ದು ನಿಂತೆ. ಕೇಳುವುದಕ್ಕೆ ಹೆದರಿಕೆಯಾಯಿತು, ಆದರೂ ಕೇಳಿದೆ.

"ಮನೆ?"

"ಮನೆಗೇನಾಗದೆ ಬುದ್ದಿ?" ಎಂದ ಚಿಕ್ಕಮಾದು. "ಮುದ್ದಮ್ಮ ಒಲೆ ಮುಂದೆ ಅವ್ಳೆ, ಮುದ್ದೆ ತೊಳುಸ್ತಾವ್ಳೆ. ನಿಮ್ನೂ ಉಣ್ಣಾಕೆ ಕರ್ಕಂಡ್ ಬಾ ಅಂದ್ಲು."

ಬೆಟ್ಟಮ್ಮ ಹೋದಳೆಂದು ದುಃಖವಾಗಬೇಕಿತ್ತು, ಆಯಿತು ಕೂಡ. ಆದರೆ ಮೊದಲು ಆದದ್ದು ಸಮಾಧಾನ, ಸುಳ್ಳು ಯಾಕೆ ಹೇಳಲಿ. ಲೇಖನಿ ಮುಚ್ಚಿಟ್ಟು ಅವನ ಜೊತೆ ಊಟಕ್ಕೆ ಹೊರಟೆ.